ಬ್ಲೀಚ್ ಸುರಿದರೆ ದಂಡ: ಫ್ರಾನ್ಸಿನ ಆಹಾರ ಕಾಯ್ದೆ

ಮಾರಾಟವಾಗದೆ ಉಳಿದ, ಇನ್ನೂ ತಿನ್ನಬಹುದಾದ ಆಹಾರವನ್ನು ಅಂಗಡಿಯವರು ಬೇಕೆಂದೇ ಕೆಡಿಸುವುದಕ್ಕೆ ಫ್ರಾನ್ಸ್ 2016ರ ಫೆಬ್ರುವರಿ 11ರ ಕಾಯ್ದೆಯಲ್ಲಿ ದಂಡ ವಿಧಿಸಿತು. ಅದಕ್ಕೆ ಮುಂಚೆ ಕೆಲವು ಸೂಪರ್‌ಮಾರ್ಕೆಟ್‌ಗಳು, ಕಸದ ತೊಟ್ಟಿ ಹುಡುಕಿ ಬರುವವರ ಬಾಯಿಗೆ ಹೋಗದಿರಲೆಂದು, ಎಸೆದ ಪದಾರ್ಥಗಳ ಮೇಲೆ ಬ್ಲೀಚ್ ಸುರಿಯುತ್ತಿದ್ದವು. ತಿಂದವರು ಕಾಯಿಲೆ ಬಿದ್ದರೆ ಹೊಣೆ ತಮ್ಮ ತಲೆಗೆ ಬರುತ್ತದೆ ಎಂಬುದು ಅವುಗಳ ಸಮಜಾಯಿಷಿ.

ಪ್ಯಾರಿಸ್ ಪಕ್ಕದ ಕೂರ್ಬವ್ವಾ ನಗರಸಭೆಯ ಸದಸ್ಯ ಅರಾಶ್ ದರಂಬರ್ಷ್ ಇದರ ವಿರುದ್ಧ ಸಹಿ ಸಂಗ್ರಹ ನಡೆಸಿದರು. ಆಹಾರ ಖಾತೆಯ ಮಾಜಿ ಸಚಿವ ಗಿಯೋಮ್ ಗಾರೋ ಸಂಸತ್ತಿನಲ್ಲಿ ಪಟ್ಟು ಹಿಡಿದರು. ಇಂಧನ ಕಾಯ್ದೆಯೊಳಗೆ ಸೇರಿಸಿದ್ದ ಇಂಥದೇ ನಿಯಮಗಳನ್ನು 2015ರ ಆಗಸ್ಟ್‌ನಲ್ಲಿ ಸಂವಿಧಾನ ಮಂಡಳಿ ಕಾರ್ಯವಿಧಾನದ ಲೋಪಕ್ಕಾಗಿ ತೆಗೆದುಹಾಕಿದ್ದರಿಂದ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

400 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಉಳಿದ ಆಹಾರವನ್ನು ದಾನ ಮಾಡಲು ಸೇವಾಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಆದ್ಯತೆಯ ಕ್ರಮವೂ ಕಾಯ್ದೆಯಲ್ಲಿದೆ: ಮೊದಲು ಪೋಲು ತಡೆಯುವುದು, ಉಳಿದದ್ದು ಮನುಷ್ಯರಿಗೆ, ಆಮೇಲೆ ದನಕರುಗಳಿಗೆ, ಕೊನೆಗೆ ಗೊಬ್ಬರಕ್ಕೆ ಇಲ್ಲವೇ ಇಂಧನಕ್ಕೆ. ಕೆಡಿಸಿದವರಿಗೆ 2016ರಲ್ಲಿ ಇಟ್ಟಿದ್ದ ದಂಡ 3,750 ಯೂರೊ. ಒಪ್ಪಂದವನ್ನೇ ಮಾಡಿಕೊಳ್ಳದವರಿಗೆ ಆಗ ಗರಿಷ್ಠ 450 ಯೂರೊ ಮಾತ್ರ ಇತ್ತು. ದಾನದ ಮೌಲ್ಯದ ಶೇ 60ರಷ್ಟನ್ನು, ಒಂದು ಮಿತಿಯೊಳಗೆ, ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳುವ ಸೌಲಭ್ಯ ಮೊದಲೇ ಇತ್ತು. ದಂಡದ ಬೆದರಿಕೆಗಿಂತ ಈ ಲೆಕ್ಕವೇ ವ್ಯಾಪಾರಿಗೆ ಬೇಗ ಅರ್ಥವಾಗುವಂಥದ್ದು.

ಕಾಯ್ದೆಯ ದೊಡ್ಡ ತೂತು ಪ್ರಮಾಣದ್ದು. ಎಷ್ಟು ಕೊಡಬೇಕೆಂದು ಅದು ಹೇಳುವುದಿಲ್ಲ. ಒಂದು ಬುಟ್ಟಿ ಕೊಟ್ಟರೂ ಒಪ್ಪಂದ ಒಪ್ಪಂದವೇ. ಕೊಟ್ಟದ್ದು ತಿನ್ನಲು ಯೋಗ್ಯವೇ ಎಂಬುದು ಇನ್ನೊಂದು ತಕರಾರು. ಹಾಗಾಗಿ 2016ರ ಡಿಸೆಂಬರಿನ ಆದೇಶ ಆಯುವ ಕೆಲಸವನ್ನು ಅಂಗಡಿಗೇ ವಹಿಸಿ, ಬೇಗ ಕೆಡುವ ಪದಾರ್ಥಗಳಿಗೆ ಸಾಮಾನ್ಯವಾಗಿ ಕನಿಷ್ಠ 48 ಗಂಟೆ ಅವಧಿ ಉಳಿದಿರಬೇಕೆಂದಿತು. ಆ 48 ಗಂಟೆಯೊಳಗೆ ವ್ಯಾನು, ಫ್ರಿಜ್ಜು, ಕೈಯಾಳುಗಳನ್ನು ಹೊಂದಿಸಿಕೊಳ್ಳುವ ಪಾಡು ಮಾತ್ರ ಸೇವಾಸಂಸ್ಥೆಗಳದು. 2020ರಲ್ಲಿ ಬಂದ ಮತ್ತೊಂದು ಕಾಯ್ದೆ, ಕೆಡಿಸುವ ಅಂಗಡಿಯ ದಂಡವನ್ನು ಅದರ ವಹಿವಾಟಿನ ಶೇ 0.1ರವರೆಗೆ ಏರಿಸಿತು.

ಇಟಲಿ ಹಿಡಿದ ದಾರಿ ಬೇರೆ. 2016ರ ಆಗಸ್ಟಿನ ಗದ್ದಾ ಕಾಯ್ದೆ ದಂಡದ ಬದಲು ದಾನದ ಕಾಗದಪತ್ರಗಳನ್ನು ಸರಳಗೊಳಿಸಿ, ದಾನ ಮಾಡುವ ಅಂಗಡಿಗಳ ಕಸದ ತೆರಿಗೆ ಇಳಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮಗಳು ಹೆಚ್ಚುವರಿ ಆಹಾರವನ್ನು ಸಂಗ್ರಹಿಸಿ ಹಂಚುವವರು ಪಾಲಿಸಬೇಕಾದ ಸುರಕ್ಷತೆ, ದಾಖಲೆಗಳ ಬಗ್ಗೆ ಹೇಳುತ್ತವೆ; ದಾನವನ್ನು ಕಡ್ಡಾಯ ಮಾಡುವುದಿಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60 ಮನೆಗಳದ್ದೇ. ಅಡುಗೆಮನೆಗೆ ದಂಡ ಹಾಕಲಾಗದು. ಅಲ್ಲಿಗೆ ತಲುಪಬಲ್ಲದ್ದು ಪೊಟ್ಟಣದ ಮೇಲಿನ ತಾರೀಖು: ಗುಣಮಟ್ಟದ ತಾರೀಖು ದಾಟಿದ ಮೇಲೂ ಪದಾರ್ಥ ತಿನ್ನಲು ಯೋಗ್ಯ ಎಂದು ಪೊಟ್ಟಣದಲ್ಲೇ ಮುದ್ರಿಸಲು ಫ್ರಾನ್ಸಿನ 2020ರ ಕಾಯ್ದೆ ತಯಾರಕರಿಗೆ ಅವಕಾಶ ಕೊಟ್ಟಿದೆ.