ದಾಖಲೆಯಿಲ್ಲದ ಊರಿಗೆ ಯಾರು ಸಾಕ್ಷಿ?

ಐವತ್ತು ಮನೆಗಳ ಒಂದು ಹಟ್ಟಿ ವಿಶ್ವಕೋಶದಲ್ಲಿ ಪ್ರತ್ಯೇಕ ನಮೂದಿಗೆ ಅರ್ಹವೇ? ಮೇಲ್ನೋಟಕ್ಕೆ ಇದು ನಿವೃತ್ತರ ಕಾಲಹರಣದ ಚರ್ಚೆಯಂತೆ ತೋರಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ, ಊರು ಎಂದರೇನು, ಅದನ್ನು ಊರೆಂದು ಒಪ್ಪುವ ಅಧಿಕಾರ ಯಾರದು ಎಂಬ ವಿಚಾರಗಳು ಎದುರಾಗುತ್ತವೆ.

ಮುದ್ರಿತ ವಿಶ್ವಕೋಶಗಳ ಕಾಲದಲ್ಲಿ ಪುಟಗಳ ಮಿತಿಯೇ ತೀರ್ಪು ನೀಡುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಅದು ಹದಿನಾಲ್ಕು ಸಂಪುಟಗಳಿಗೆ ಬೆಳೆದರೂ ನಾಡಿನ ಎಲ್ಲ ಹಳ್ಳಿಗಳಿಗೆ ಅದರಲ್ಲಿ ಎಡೆ ಸಿಗುವುದು ಸಾಧ್ಯವಿರಲಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾಕ್ಕೆ ಕಾಗದದ ಕೊರತೆಯಿಲ್ಲ. ಆದ್ದರಿಂದ ಅಳತೆಗೋಲು ಬೇರೆ. ಇಂಗ್ಲಿಷ್ ವಿಕಿಪೀಡಿಯಾದ ರೂಢಿಯಂತೆ, ಕಾನೂನಿನ ಮಾನ್ಯತೆಯುಳ್ಳ ಜನವಸತಿ ಎಷ್ಟೇ ಚಿಕ್ಕದಾದರೂ ಸಾಮಾನ್ಯವಾಗಿ ಲೇಖನಕ್ಕೆ ಅರ್ಹ. ಮಾನ್ಯತೆ ಇಲ್ಲದ ವಸತಿಯ ಅರ್ಹತೆಯನ್ನು ಮಾತ್ರ ಸ್ವತಂತ್ರ ಆಕರಗಳಿಂದ ಸಾಧಿಸಿ ತೋರಿಸಬೇಕು.

ನಿಯಮ ಸರಳವಾಗಿದೆ, ತೊಡಕಿರುವುದು ನಮ್ಮ ನೆಲದಲ್ಲಿ. ಇಲ್ಲಿ ಮಾನ್ಯತೆ ಎಂದರೆ ಕಂದಾಯ ಗ್ರಾಮವಾಗಿರುವುದು: ಒಂದು ನಕಾಶೆ, ಸರ್ವೆ ನಂಬರುಗಳು, ಗಡಿಕಲ್ಲು, ಜನಗಣತಿಯ ಸಂಕೇತ ಸಂಖ್ಯೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 29,340 ಗ್ರಾಮಗಳಿದ್ದವು. ಅವುಗಳ ಪೈಕಿ 1,943ರಲ್ಲಿ ಜನವಸತಿಯೇ ಇರಲಿಲ್ಲ. ಕಂದಾಯ ಇಲಾಖೆಯ ಭಾಷೆಯಲ್ಲಿ ಇವು ಬೇಚರಾಕ್ ಗ್ರಾಮಗಳು. ಎಂದೋ ಊರು ಬಿಟ್ಟುಹೋದವರ ಹೆಸರನ್ನು ಕಡತ ಕಾಪಾಡಿಕೊಂಡಿದೆ. ಅದೇ ಕಡತದಲ್ಲಿ, ತಲೆಮಾರುಗಳಿಂದ ಜನ ಬಾಳುತ್ತಿರುವ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಮಜರೆಗಳು ಎಷ್ಟೋ ಕಾಲ ಯಾವುದೋ ತಾಯಿಗ್ರಾಮದ ಸರ್ವೆ ನಂಬರಿನೊಳಗೆ ಕರಗಿಹೋಗಿದ್ದವು. ಮನುಷ್ಯರಿಲ್ಲದ ಊರಿಗೆ ಸಂಖ್ಯೆಯಿದೆ, ಮನುಷ್ಯರಿರುವ ಊರಿಗಿಲ್ಲ. ಈ ವೈಪರೀತ್ಯವನ್ನು ವಿಶ್ವಕೋಶ ಹಾಗೆಯೇ ನಕಲು ಮಾಡಬೇಕೇ?

ಸರ್ಕಾರವೇ ಈ ಲೋಪವನ್ನು ಒಪ್ಪಿಕೊಂಡಿದೆ. 1961ರ ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿಯ ಮೂಲಕ ಸೇರಿದ 38-ಎ ಪ್ರಕರಣವು ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಅವರ ಮನೆಯ ಹಕ್ಕನ್ನು ನೀಡಲು ದಾರಿ ಮಾಡಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಹಕ್ಕುಪತ್ರಗಳ ವಿತರಣೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹಕ್ಕುಪತ್ರವಿಲ್ಲದ ಮನೆಯನ್ನು ಅಡವಿಡಲಾಗದು, ಮಕ್ಕಳಿಗೆ ಕ್ರಮಬದ್ಧವಾಗಿ ಬರೆದುಕೊಡಲಾಗದು. ಆಡಳಿತದಲ್ಲಿ ಬಹುಕಾಲ ಕಳೆದ ನಾನು ಹೇಳಬಲ್ಲ ಒಂದು ಮಾತೆಂದರೆ, ಹೆಸರು ದಾಖಲಾಗದ ಕಡೆಗೆ ಅನುದಾನ ಹರಿಯುವುದೂ ವಿರಳ.

ಊರಿನ ಗಾತ್ರಕ್ಕೂ ಮಹತ್ವಕ್ಕೂ ಸಂಬಂಧ ಕಡಿಮೆ ಎಂಬುದನ್ನು ಇದೇ ಸೀಮೆ ಸಾರುತ್ತದೆ. 1947ರವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಆ ಹೆಸರಿನಲ್ಲೇ ಇದೆ. ಊರು ಚಿಕ್ಕದೇ ದೊಡ್ಡದೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕಲ್ಲಿನ ಮೇಲೆ ಅಕ್ಷರವಿದ್ದರೆ ಊರಿಗೆ ನಮೂದು ಸಿಕ್ಕಿತು. ತರೀಕೆರೆ ಸಮೀಪದ ಅಮೃತಾಪುರ ಇಂದಿಗೂ ಸಣ್ಣ ಹಳ್ಳಿಯೇ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಅಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನೂ, ಕವಿ ಜನ್ನ ರಚಿಸಿದ ಶಾಸನವನ್ನೂ ಬಿಟ್ಟು ಹೊಯ್ಸಳರ ಚರಿತ್ರೆ ಬರೆಯಲಾಗದು.

ಊರುಗಳು ಸ್ಥಿರವೂ ಅಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಹೊರಬಂದು, ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಕಾಡಿಗೆ ಮರಳಿದ ಆ ಊರುಗಳ ಕಥೆಯನ್ನು ಎಲ್ಲಿ ದಾಖಲಿಸಬೇಕು? ಅಜ್ಜಂಪುರ 2011ರ ಜನಗಣತಿಯಲ್ಲಿ ತರೀಕೆರೆ ತಾಲ್ಲೂಕಿನ ಭಾಗ. 2017ರ ಬಜೆಟ್ಟಿನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಗಣತಿಯ ಪಟ್ಟಿಯನ್ನು ಮಾತ್ರ ನಂಬಿದವರು ಹಳ್ಳಿಗಳನ್ನು ಹಳೆಯ ತಾಲ್ಲೂಕಿನಲ್ಲೇ ಇಟ್ಟುಬಿಡುತ್ತಾರೆ.

ಹಾಗೆಂದು ಕೇಳಿದ ಹೆಸರಿಗೆಲ್ಲ ಲೇಖನ ಬರೆಯುವುದು ವಿವೇಕವಲ್ಲ. 2002ರಲ್ಲಿ ಅಮೆರಿಕದ ಗಣತಿಯ ಅಂಕಿಅಂಶಗಳಿಂದ ಒಂದು ಗಣಕಕ್ರಮವು 30,000ಕ್ಕೂ ಹೆಚ್ಚು ಊರುಗಳ ಲೇಖನಗಳನ್ನು ವಿಕಿಪೀಡಿಯಾಕ್ಕೆ ಸೇರಿಸಿತು. ಅಂಥ ಲೇಖನದಲ್ಲಿ ಜನಸಂಖ್ಯೆ ಇರುತ್ತದೆ, ಜನ ಇರುವುದಿಲ್ಲ. ಇನ್ನೂ ಗಂಭೀರವಾದ ಅಪಾಯವೊಂದಿದೆ. ಕಡೂರು, ಅಜ್ಜಂಪುರ ಭಾಗದ ಅಮೃತಮಹಲ್ ಕಾವಲುಗಳು ದನಗಳಿಗೆಂದು ಮೀಸಲಾದ ಹುಲ್ಲುಗಾವಲುಗಳು. ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಇಂಥ ನೆಲದ ಅಂಚಿನ ಗುಡಿಸಲುಗಳನ್ನು ಆಧಾರವಿಲ್ಲದೆ ಪುರಾತನ ಗ್ರಾಮವೆಂದು ಬರೆದರೆ, ನಾಳೆ ಆ ಬರಹವೇ ಭೂವಿವಾದದಲ್ಲಿ ಪುರಾವೆಯ ವೇಷ ತೊಡಬಹುದು. ಅಲ್ಲಿ ಊರೇ ಇಲ್ಲವೆಂದು ಬರೆದರೂ ಒಂದು ಪಕ್ಷಕ್ಕೆ ಬಲ ಕೊಟ್ಟಂತೆಯೇ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಅಳತೆಗೋಲು ಜನಸಂಖ್ಯೆಯೂ ಆಗಬಾರದು, ಕಂದಾಯದ ಮುದ್ರೆಯೊಂದೇ ಆಗಬಾರದು. ಪರಿಶೀಲಿಸಬಹುದಾದ ಸಂಗತಿ ಎಷ್ಟಿದೆ ಎಂಬುದು ಮುಖ್ಯ. ಶಾಲಾ ದಾಖಲೆ, ಮತದಾರರ ಪಟ್ಟಿಯ ಭಾಗ, ಕೆರೆಯ ಲೆಕ್ಕ, ಶಾಸನ, ಗೆಜೆಟಿಯರಿನ ಉಲ್ಲೇಖಗಳಿಂದ ನಾಲ್ಕು ಪ್ಯಾರಾ ಬರೆಯಲು ಸಾಧ್ಯವಾದರೆ ಪ್ರತ್ಯೇಕ ಲೇಖನವಿರಲಿ. ಇಲ್ಲವಾದರೆ ತಾಯಿಗ್ರಾಮದ ಲೇಖನದೊಳಗೆ ಆ ಹಟ್ಟಿಗೆ ತನ್ನದೇ ಹೆಸರಿನ ಒಂದು ಭಾಗವಿರಲಿ, ಭೂಮಿಯ ಸ್ಥಿತಿಗತಿಯನ್ನು ಇದ್ದಂತೆ ನಮೂದಿಸಿ. ಹೆಸರನ್ನೇ ಅಳಿಸುವುದು ಮಾತ್ರ ಸಲ್ಲದು.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಗೆ ನಾಡು ಅಣಿಯಾಗಿದೆ. ಗಣತಿದಾರರು ತಲೆಗಳನ್ನು ಎಣಿಸುತ್ತಾರೆ. ಊರಿನ ಹೆಸರು ಹೇಗೆ ಬಂತು, ಮೊದಲು ನೆಲೆಸಿದವರು ಎಲ್ಲಿಂದ ಬಂದರು, ಬಾವಿ ಯಾವ ವರ್ಷ ಬತ್ತಿತು ಎಂದು ಅವರು ಕೇಳುವುದಿಲ್ಲ. ಕಡೂರು, ತರೀಕೆರೆಗಳ ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಮಟ್ಟಿಗೆ ಈ ಕೆಲಸವನ್ನು, ಆಕರ ಸಹಿತ, ಮಾಡಬಲ್ಲರು. ಹಿರಿಯರು ಇನ್ನೂ ಇರುವಾಗಲೇ ಅದು ಆಗಬೇಕು.