ಕಾಂತೀಯ ಬಿರುಗಾಳಿಯೂ ನಮ್ಮ ಆಕಾಶವೂ

ದೂರದೇಶದ ಕೇಂದ್ರವೊಂದನ್ನು ಹ್ರಸ್ವತರಂಗದಲ್ಲಿ ಆಲಿಸುತ್ತಿರುವಾಗ ದನಿ ಇದ್ದಕ್ಕಿದ್ದಂತೆ ಕ್ಷೀಣಿಸಿದರೆ, ನೀವು ಮೊದಲು ಶಂಕಿಸುವುದು ನಿಮ್ಮ ರೇಡಿಯೋವನ್ನು. ಎಷ್ಟೋ ವೇಳೆ ಅದು ನಿರಪರಾಧಿ. ದೋಷವಿರುವುದು ಸುಮಾರು 300 ಕಿಲೋಮೀಟರ್ ಮೇಲೆ, ಅಯಾನುಮಂಡಲದಲ್ಲಿ. ಸೂರ್ಯನ ತೀಕ್ಷ್ಣ ಕಿರಣಗಳು ಅಲ್ಲಿಯ ವಿರಳವಾದ ವಾಯುವನ್ನು ಒಡೆದು ವಿದ್ಯುತ್ಕಣಗಳನ್ನು ಉಂಟುಮಾಡುತ್ತವೆ. ಹ್ರಸ್ವತರಂಗಗಳು ಬಾಗಿ ನೆಲಕ್ಕೆ ಮರಳುವುದು ಈ ಕಣಗಳ ದೆಸೆಯಿಂದ.

ದಕ್ಷಿಣ ಭಾರತದ ಮೇಲಣ ಅಯಾನುಮಂಡಲಕ್ಕೆ ಒಂದು ವಿಶೇಷವುಂಟು. ಭೂಮಿಯ ಕಾಂತರೇಖೆಗಳು ಧ್ರುವಗಳ ಬಳಿ ನೆಟ್ಟಗೆ ನಿಂತಿದ್ದರೆ, ಕಾಂತೀಯ ಸಮಭಾಜಕದಲ್ಲಿ ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಆ ಸಮಭಾಜಕ ನಮ್ಮ ದೇಶದ ತೆಂಕಣ ತುದಿಯನ್ನು ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ಟು ಹಾರಿಸಲು ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದ್ದು ಇದೇ ಕಾರಣಕ್ಕಾಗಿ. ಹಗಲಿನಲ್ಲಿ ಇಲ್ಲಿ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರವಿದ್ದು, ಅದು ಕಣಗಳನ್ನು ಮೇಲಕ್ಕೆತ್ತುತ್ತದೆ. ಏರಿದ ಕಣಗಳು ಕಾಂತರೇಖೆಗಳ ಇಳಿಜಾರನ್ನು ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಜಾರುತ್ತವೆ. ಕಾರಂಜಿಯ ನೀರು ಬುಡದಲ್ಲಿ ಬೀಳದೆ ಆಚೀಚೆ ಬೀಳುವುದಿಲ್ಲವೆ, ಹಾಗೆ. ಆದುದರಿಂದ ಕಣಗಳು ದಟ್ಟವಾಗಿ ನೆರೆಯುವುದು ಕನ್ಯಾಕುಮಾರಿಯ ಮೇಲಲ್ಲ, ಅಹಮದಾಬಾದಿನ ಆಸುಪಾಸಿನಲ್ಲಿ!

ಸೂರ್ಯನಿಂದ ಸಿಡಿದ ಕಾಂತಯುಕ್ತ ಅನಿಲಮೇಘವು ಎರಡು ಮೂರು ದಿನಗಳಲ್ಲಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಕದಡುವುದೇ ಕಾಂತೀಯ ಬಿರುಗಾಳಿ. ಅದು ಒಳನುಗ್ಗುವ ಬಾಗಿಲು ಧ್ರುವಪ್ರದೇಶ. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರ ನಿಮಿಷಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಹಗಲಾದರೆ ಕಾರಂಜಿ ಉಕ್ಕುತ್ತದೆ; ರಾತ್ರಿಯಾದರೆ ಕಣಗಳು ಕೆಳಕ್ಕೆ ತಳ್ಳಲ್ಪಡುತ್ತವೆ. ಕೆಲವು ಗಂಟೆಗಳ ತರುವಾಯ ಧ್ರುವದಲ್ಲಿ ಕಾದ ಗಾಳಿ ಇತ್ತ ಬೀಸಿ, ವಿರುದ್ಧವಾದ ಕ್ಷೇತ್ರವನ್ನು ಹುಟ್ಟಿಸಿ, ಹಗಲಿನ ಕಾರಂಜಿಯನ್ನು ಅಡಗಿಸುತ್ತದೆ. ಬಿರುಗಾಳಿ ಒಂದೇ, ಫಲ ಎರಡು. ಗಡಿಯಾರ ನೋಡದೆ ಏನನ್ನೂ ಹೇಳುವಂತಿಲ್ಲ.

2024ರ ಮೇ 10ರ ರಾತ್ರಿ ಎದ್ದ ಮಹಾ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲಿಯೂ ಕೆಂಪು ಪ್ರಭೆ ಕಾಣಿಸಿಕೊಂಡಿತು. ಅದರ ಮುಖ್ಯ ಪೆಟ್ಟು ಬಿದ್ದಾಗ ನಮ್ಮಲ್ಲಿ 11ರ ನಸುಕು. ಅಯಾನುಮಂಡಲ ಇನ್ನೂ ತುಂಬಿಕೊಂಡಿರಲಿಲ್ಲವಾಗಿ ಭಾರತಕ್ಕೆ ತಗಲಿದ ಬಾಧೆ ಕಡಿಮೆ. ಅದೇ ಪೆಟ್ಟು ಸಂಜೆಗೆ ಬಿದ್ದಿದ್ದರೆ ಮಾತೇ ಬೇರೆ. ಸೂರ್ಯಾಸ್ತದ ಹೊತ್ತಿಗೆ ಕ್ಷೇತ್ರ ಬಲಗೊಂಡರೆ ಪದರದಲ್ಲಿ ಪೊಳ್ಳು ಗುಳ್ಳೆಗಳೆದ್ದು, ದನಿ ಹಕ್ಕಿ ರೆಕ್ಕೆ ಬಡಿದಂತೆ ಅದುರುತ್ತದೆ. ವಿಮಾನಗಳಿಗೆ ದಾರಿ ತೋರುವ ಉಪಗ್ರಹಗಳ ಸಂಕೇತಗಳೂ ತಡವರಿಸುತ್ತವೆ.

ನಿಮ್ಮೂರಿನ ಕೇಂದ್ರದ ಮಧ್ಯಮತರಂಗ ಹಗಲಿನಲ್ಲಿ ನೆಲವನ್ನೇ ಹಿಡಿದು ಬರುವುದರಿಂದ ಅದಕ್ಕೆ ಈ ಬಾಧೆಯಿಲ್ಲ. ಅದು ಸ್ಪಷ್ಟವಾಗಿದ್ದು ಹ್ರಸ್ವತರಂಗ ಮಾತ್ರ ಕೈಕೊಟ್ಟರೆ, ಬೇಕಾದ ಕೇಂದ್ರವನ್ನು ಬೇರೊಂದು ಮೀಟರಿನಲ್ಲಿ ಹುಡುಕಿ ನೋಡಿರಿ. ರಿಪೇರಿಯವನನ್ನು ಕರೆಸಲು ನಾಳೆಯವರೆಗೆ ಕಾಯಬಹುದು.