ಐ, ಮಿ, ಮೈಸೆಲ್ಫ್ – ಎಲ್ಲಿ ಯಾವುದು?



ಹೋದ ತಿಂಗಳು ತಾಲ್ಲೂಕು ಮಟ್ಟದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ನಮ್ಮ ಶಾಲೆಯಿಂದ ನಾನು ಹೋಗಿದ್ದೆ. ವೇದಿಕೆ ಹತ್ತಿ ‘ಮೈಸೆಲ್ಫ್’ ಅಂತ ಶುರು ಮಾಡಿ ಹೆಸರು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಬೇರೆ ಶಾಲೆಯ ಮಕ್ಕಳು ಕಿಸಕ್ಕನೆ ನಕ್ಕರು. ಅಷ್ಟೇ, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಸುಮ್ಮನೆ ಕೆಳಗಿಳಿದು ಬಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬೈಯಲಿಲ್ಲ. “ನೀನು ದಡ್ಡಿ ಅಂತ ಆ ತಪ್ಪು ಬರಲಿಲ್ಲ ಕಣಮ್ಮ, ಕನ್ನಡದವಳು ಅಂತ ಬಂತು” ಅಂದರು. ಅವರು ಹೇಳಿದ್ದನ್ನೂ ಆಮೇಲೆ ವ್ಯಾಕರಣ ಪುಸ್ತಕ ನೋಡಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ತಪ್ಪು ಎಲ್ಲಿಂದ ಬಂತು?

ಕನ್ನಡದಲ್ಲಿ ‘ನಾನು ಕಮಲ’ ಅಂದರೆ ವಾಕ್ಯ ಮುಗಿಯಿತು. ಅದರಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, ನಡುವೆ ‘ಆಮ್’ ಇರಲೇಬೇಕು. ‘ಐ ಕಮಲ’ ಅಂದರೆ ಏನೋ ಕಡಿಮೆ ಆದ ಹಾಗೆ ನಮಗೇ ಅನಿಸುತ್ತದೆ. ಆ ಕೊರತೆ ತುಂಬಲು ‘ಐ’ ತೆಗೆದು, ಉದ್ದವಾದ ‘ಮೈಸೆಲ್ಫ್’ ಹಾಕುತ್ತೇವೆ. ಆದರೆ ಕಡಿಮೆ ಬಿದ್ದದ್ದು ‘ಆಮ್’. ಸರಿಯಾದ ವಾಕ್ಯ: ಐ ಆಮ್ ಕಮಲ.

ಮೂರಕ್ಕೂ ಬೇರೆ ಬೇರೆ ಕೆಲಸ

1. ಐ: ಕೆಲಸ ಮಾಡುವ ‘ನಾನು’. ಐ ಕೇಮ್ (ನಾನು ಬಂದೆ).

2. ಮಿ: ನನ್ನನ್ನು, ನನಗೆ. ‘ನನ್ನ ಜೊತೆ’ ಅನ್ನುವಾಗಲೂ ಇದೇ. ಕನ್ನಡದಲ್ಲಿ ಪ್ರತ್ಯಯ ಬದಲಾಗುತ್ತಾ ಹೋಗುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಂದೇ ‘ಮಿ’. ಕಾಲ್ ಮಿ, ಗಿವ್ ಮಿ, ವಿತ್ ಮಿ.

3. ಮೈಸೆಲ್ಫ್: ಇದಕ್ಕೆ ಎರಡು ಕೆಲಸ. ಮಾಡಿದ್ದು ಮಾಡಿದವರಿಗೇ ತಿರುಗಿ ಬಂದಾಗ ಒಂದು. ಐ ಸಾ ಮೈಸೆಲ್ಫ್ ಇನ್ ದ ಮಿರರ್. ಕನ್ನಡದಲ್ಲಿ ‘ಕನ್ನಡಿಯಲ್ಲಿ ನೋಡಿಕೊಂಡೆ’ ಅನ್ನುತ್ತೇವೆ. ನಮ್ಮ ‘ಕೊಂಡೆ’ ಮಾಡುವ ಕೆಲಸವನ್ನು ಅಲ್ಲಿ ‘ಮೈಸೆಲ್ಫ್’ ಮಾಡುತ್ತದೆ. ಒತ್ತಿ ಹೇಳುವಾಗ ಇನ್ನೊಂದು. ಐ ಕುಕ್ಡ್ ಇಟ್ ಮೈಸೆಲ್ಫ್, ಅಂದರೆ ‘ನಾನೇ ಅಡಿಗೆ ಮಾಡಿದೆ’. ನಮ್ಮ ‘ನಾನೇ’ಯಲ್ಲಿರುವ ಏಕಾರದ ಒತ್ತು ಅಲ್ಲಿ ಈ ಪದದಲ್ಲಿದೆ.

ನೆನಪಿಡಲು ಸುಲಭ ದಾರಿ: ‘ಮೈಸೆಲ್ಫ್’ ಬರಬೇಕಾದರೆ ಅದೇ ವಾಕ್ಯದಲ್ಲಿ ಮೊದಲೇ ‘ಐ’ ಅಥವಾ ‘ಮಿ’ ಬಂದಿದೆಯಾ ನೋಡಿ. ‘ಲೆಟ್ ಮಿ ಇಂಟ್ರೊಡ್ಯೂಸ್ ಮೈಸೆಲ್ಫ್’ ಸರಿ, ಏಕೆಂದರೆ ‘ಮಿ’ ಮುಂದೆ ಇದೆ. ಹೆಸರು ಹೇಳುವಾಗ ಮಾತ್ರ ‘ಐ ಆಮ್’.

ಜೊತೆಗೆ ಇನ್ನೊಬ್ಬರಿದ್ದರೆ?

‘ಮೇಷ್ಟ್ರು ಲತಾಗೂ ನನಗೂ ಪುಸ್ತಕ ಕೊಟ್ಟರು.’ ಇಲ್ಲಿ ‘ಲತಾ ಅಂಡ್ ಐ’ ಅನ್ನಬೇಕೋ ‘ಲತಾ ಅಂಡ್ ಮಿ’ ಅನ್ನಬೇಕೋ? ಲತಾಳನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿ. ‘ಗೇವ್ ಐ’ ಅನ್ನುತ್ತೇವಾ? ಇಲ್ಲ, ‘ಗೇವ್ ಮಿ’. ಹಾಗಾದರೆ ಲತಾ ಬಂದ ಮೇಲೂ ‘ಮಿ’ಯೇ.

ಬಾಗಿಲು ತಟ್ಟಿದಾಗ

ಒಳಗಿಂದ ‘ಹೂ ಈಸ್ ಇಟ್?’ ಅಂತ ಕೇಳುತ್ತಾರೆ. ಮನುಷ್ಯರಿಗೆ ‘ಇಟ್’ ಅನ್ನಬಹುದಾ ಅಂತ ನಾನು ಕೇಳಿದೆ. ಮೇಷ್ಟ್ರು ನಕ್ಕು, “ನಿಮ್ಮ ಅಜ್ಜಿ ‘ಯಾರದು?’ ಅನ್ನಲ್ವಾ? ಯಾರು, ಅದು. ಅಲ್ಲೂ ‘ಅದು’ ಇದೆಯಲ್ಲ” ಅಂದರು. ಉತ್ತರವಾಗಿ ಹಳೆಯ ವ್ಯಾಕರಣದವರು ‘ಇಟ್ ಈಸ್ ಐ’ ಎಂದೇ ಹೇಳಬೇಕು ಅನ್ನುತ್ತಿದ್ದರು. ಇಂಗ್ಲಿಷ್ ಮನೆಮಾತಿನವರು ಸಾಧಾರಣವಾಗಿ ಆಡುವುದು ‘ಇಟ್ಸ್ ಮಿ’. ಮಾತಿನಲ್ಲಿ ಅದೇ ಸಾಕು.

ಗೆಳೆಯರೇ, ನಮ್ಮ ದೇಶದಲ್ಲಿ ಎಷ್ಟೋ ಜನ ‘ಮೈಸೆಲ್ಫ್’ ಅಂತಲೇ ಹೆಸರು ಹೇಳುತ್ತಾರೆ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೂ ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಅದು ತಪ್ಪೇ. ಕಲಿತುಕೊಳ್ಳೋಣ. ಆದರೆ 5ನೇ ತರಗತಿಯ ಚಿಕ್ಕವರು ಹಾಗೆ ಹೇಳಿದರೆ ದಯವಿಟ್ಟು ನಗಬೇಡಿ, ತಿದ್ದಿ ಹೇಳಿ. ನಕ್ಕರೆ ಮಾತೇ ನಿಂತುಹೋಗುತ್ತದೆ, ನನಗೆ ಗೊತ್ತು. ಮುಂದಿನ ಸಲವೂ ನಾನು ಹೆಸರು ಕೊಡುತ್ತೇನೆ.

ಬಿಟ್ಟ ಸ್ಥಳ ತುಂಬಿ:
1. ಫಾದರ್ ಕಾಲ್ಡ್ ____.
2. ____ ಆಮ್ ಎ ಸ್ಟೂಡೆಂಟ್.
3. ಐ ವಾಶ್ಡ್ ದ ಶರ್ಟ್ ____.

(ಉತ್ತರ: ಮಿ, ಐ, ಮೈಸೆಲ್ಫ್)

– 9ನೇ ತರಗತಿಯ ವಿದ್ಯಾರ್ಥಿನಿ